ಚಿಗರಿಯ ಮರಿ

ಕೂಡ್ಲಿಗಿಯ ಕ್ವಾರ್ಟರ್ಸಿಗೆ ನಾವು ಬಂದಾಗ ಅತ್ತೆ ಹಡಗಲಿಯಿಂದ ತಮ್ಮ ಕೈಯಲ್ಲೇ ಹಿಡಿದು ತಂದದ್ದು ಎರಡು ವಸ್ತು. ಒಂದು ಪೂಜೆಯ ಬುಟ್ಟಿ, ಇನ್ನೊಂದು ಮುಚ್ಚಳ ಬಿಗಿಯಾದ ಸಣ್ಣ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಮೊಸರಿನ ಹೆಪ್ಪು. ಸಾಮಾನೆಲ್ಲ ಲಾರಿಯಲ್ಲಿ ಮುಂದೆ ಹೋಗಿತ್ತು. ಬಸ್ಸು ಹಗರಿಬೊಮ್ಮನಹಳ್ಳಿ, ಕೊಟ್ಟೂರು ದಾಟಿ ಬರುವವರೆಗೂ ಆ ಡಬ್ಬಿ ಅವರ ತೊಡೆಯ ಮೇಲೆಯೇ ಇತ್ತು. "ನಮ್ಮವ್ವ ಕೊಟ್ಟಿದ್ದ ಹೆಪ್ಪಿದು. ಆಕಿಗೆ ಆಕಿ ಅವ್ವ ಕೊಟ್ಟಿದ್ಳು" ಎಂದು ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದರು. ನಾನು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಸಿಸ್ಟರುಗಳ ಕಾನ್ವೆಂಟ್ ಶಾಲೆಯಲ್ಲಿ ಓದಿದವಳು. ಮೊಸರು ಎಲ್ಲಿಯದಾದರೂ ಮೊಸರೇ ಅಂದುಕೊಂಡಿದ್ದೆ.

ಫ್ರಿಜ್ಜಿನಲ್ಲಿ ಆ ಡಬ್ಬಿಯ ಪಕ್ಕಕ್ಕೇ ಒಂದು ಮಧ್ಯಾಹ್ನ ನಮ್ಮ ಮನೆಯವರು ಮಾಂಸದ ಎರಡು ಪೊಟ್ಟಣಗಳನ್ನು ತಂದಿಟ್ಟರು.

ಅವರು ದನದ ದವಾಖಾನೆಯ ಡಾಕ್ಟರು. ಎಮ್ಮೆಯ ಕೆಚ್ಚಲು, ಕುರಿಯ ಜ್ವರ, ಎತ್ತಿನ ಕಾಲು ಇವೇ ಅವರ ದಿನದ ಕೆಲಸ. ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಡೆಟಾಲಿನ ವಾಸನೆ ಬರುತ್ತಿತ್ತು. ಆದರೆ ಮಾಂಸವನ್ನು ಮನೆಯೊಳಗೆ ತಂದದ್ದು ಅದೇ ಮೊದಲು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಬಟ್ಟೆ ಹೊಲಿದು, ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ ಒತ್ತಿದ್ದರು. ಹೊಲಿಗೆ ನಮ್ಮ ಬೀದಿಯ ದರ್ಜಿಯದೇ ಇರಬೇಕು. ಜಾಕೀಟಿಗೆ ಹಾಕುವ ಹಾಗೆ ಸಣ್ಣ ಸಣ್ಣ, ನೇರ ಹೊಲಿಗೆ.

"ಲೇ ತಮ್ಮಾ, ಏನಲೇ ಅದು?" ಎಂದು ಅತ್ತೆ ಮಗನನ್ನು ಕೇಳಿದರು.

"ಆಫೀಸಿಂದುಬೇ."

"ಆಫೀಸಿಂದು ಆಫೀಸಿನ್ಯಾಗ ಇರ್ಲಿ."

"ಅಲ್ಲಿ ಫ್ರಿಜ್ ಕೆಟ್ಟೈತಿ. ಇದು ಹೈದರಾಬಾದಿಗೆ ಹೋಗೋದೈತಿ, ಪರೀಕ್ಷಾಕ. ಅಲ್ಲೀತನಕ ತಂಪು ಇರಬೇಕು."

"ಹಂಗಾರ ಇದು ಹೈದರಾಬಾದಿಗೆ ಹೋಗೂತನ ನಾ ಹಾಲು ಕುಡಿಯಂಗಿಲ್ಲ, ಮಜ್ಜಿಗಿ ಮುಟ್ಟಂಗಿಲ್ಲ" ಎಂದು ಅತ್ತೆ ಹೆಪ್ಪಿನ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದು ದೇವರ ಗೂಡಿನ ಕೆಳಗೆ, ಒದ್ದೆ ಬಟ್ಟೆ ಸುತ್ತಿ ಇಟ್ಟರು. ಆಮೇಲೆ ಮಗನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳುತ್ತಿದ್ದರು, ಮಗ ಎದುರಿಗೇ ಕೂತಿದ್ದರೂ.

ನಡೆದದ್ದು ಇಷ್ಟು. ಹೈವೇ ಪಕ್ಕದ ಒಂದು ಢಾಬಾದಲ್ಲಿ ಚಿಗರಿ ಮಾಂಸ ಸಿಗುತ್ತದೆಂದು ಅರಣ್ಯ ಇಲಾಖೆಗೆ ಸುದ್ದಿ ಬಂದಿತ್ತು. ನಮ್ಮ ಸೀಮೆಯಲ್ಲಿ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಕೊಲ್ಲುವುದಿರಲಿ, ಅದರ ಮಾಂಸ ಮುಟ್ಟಿದರೂ ಜೈಲು. ಜಾಮೀನು ಸುಲಭಕ್ಕೆ ಸಿಗುವುದಿಲ್ಲ. ಆಗಿನ ಅರಣ್ಯಾಧಿಕಾರಿ ಕರಾವಳಿಯ ಕಡೆಯವರು, ಚಿಕ್ಕ ವಯಸ್ಸು, ಕೆಲಸದಲ್ಲಿ ಬಿಗಿ. ಢಾಬಾದ ಐಸಿನ ಪೆಟ್ಟಿಗೆ ತೆಗೆಸಿದಾಗ ಎರಡು ಪೊಟ್ಟಣ ಸಿಕ್ಕವು. ಮಾಲೀಕ ಕೈ ಮುಗಿದು, ಇದು ಏನು ಮಾಂಸವೋ ತನಗೆ ಗೊತ್ತಿಲ್ಲ, ಎರಡೂ ಪೊಟ್ಟಣ ಒಂದೇ ಪ್ರಾಣಿಯದು, ಹೊಸಹಳ್ಳಿ ಕಡೆಯ ಹಟ್ಟಿಯವನೊಬ್ಬ ಮಾರಿ ಹೋದದ್ದು ಎಂದು ಹೇಳಿಕೆ ಕೊಟ್ಟ. ಜೀಪು ನೇರ ಹಟ್ಟಿಗೆ ಹೋಯಿತು. ಆ ಮನೆಯ ಒಲೆಯ ಮೇಲೆ ಬಾಡು ಬೇಯುತ್ತಿತ್ತು. "ಏನು ಕೊಯ್ದದ್ದು?" ಎಂದು ಕೇಳಿದಾಗ ಮನೆಯಾಕೆ ಅಳುತ್ತಾ, "ಚಿಗರಿ ಕೊಯ್ದೇವ್ರೀ, ಕಾಲು ಮುರಿದಿತ್ತು" ಎಂದಳು.

ಆಮೇಲೆ ಕೇಳುವುದೇನಿತ್ತು? ಗಂಡನನ್ನು ಹಿಡಿದರು. ಅವನು ಬಳ್ಳಾರಿ ಜೈಲು ಸೇರಿದ.

ಮಾಂಸ ಯಾವ ಪ್ರಾಣಿಯದು ಎಂದು ಕಣ್ಣಿಂದ ಹೇಳಲಾಗದು. ಹೈದರಾಬಾದಿನಲ್ಲಿ ಹೊಸದಾಗಿ, ಮಾಂಸದ ಚೂರಿನೊಳಗಿನ ವಂಶದ ಗುರುತನ್ನು ಓದಿ ಹೇಳುವ ಪರೀಕ್ಷೆ ಬಂದಿತ್ತು. ಪತ್ರಿಕೆಯಲ್ಲಿ ಅಪ್ಪ ಮಕ್ಕಳ ತಕರಾರಿನ ಸುದ್ದಿಯಲ್ಲಿ ಬರುತ್ತಿದ್ದ ಅದೇ ಡಿಎನ್ಎ. ನಮ್ಮ ಮನೆಯವರು ಮಾದರಿ ತಯಾರು ಮಾಡಿ ಕೊಡಬೇಕಿತ್ತು. ಹಟ್ಟಿಯ ಮನೆಯಿಂದ ತಂದ ಬಾಡಿನ ಚೂರನ್ನು ಮೊದಲ ದಿನವೇ, ಹಿಂದಿನಿಂದ ಎಲ್ಲ ಡಾಕ್ಟರುಗಳೂ ಮಾಡಿಕೊಂಡು ಬಂದ ಹಾಗೆ, ಕೊಳೆಯದಿರಲೆಂದು ಫಾರ್ಮಲಿನ್ ತುಂಬಿದ ಬಾಟಲಿಗೆ ಹಾಕಿ ಮುಚ್ಚಿದ್ದರು. ಪಾತ್ರೆಯಲ್ಲಿ ಉಳಿದದ್ದನ್ನು ಪಂಚರ ಎದುರು ಹೂತಿದ್ದರು. ಢಾಬಾದ ಪೊಟ್ಟಣಗಳು ದೊಡ್ಡವು, ಬಾಟಲಿಯಲ್ಲಿ ಹಿಡಿಯದೆ ಹಾಗೇ ಐಸಿನಲ್ಲಿ ಉಳಿದಿದ್ದವು. ಕಳಿಸುವ ಮೊದಲು ಒಂದು ಮಾತು ಕೇಳೋಣವೆಂದು ಎಸ್‌ಟಿಡಿ ಬೂತಿನಿಂದ ಹೈದರಾಬಾದಿಗೆ ಫೋನು ಮಾಡಿದರು. ಅಲ್ಲಿಯವರು ಮೊದಲು ಹೇಳಿದ್ದೇ, ಫಾರ್ಮಲಿನ್ನಿಗೆ ಮಾತ್ರ ಹಾಕಬೇಡಿ, ಅದರಲ್ಲಿ ಗುರುತೆಲ್ಲ ಕೆಟ್ಟುಹೋಗುತ್ತದೆ, ಸ್ಪಿರಿಟ್ಟಿನಲ್ಲಿಡಿ, ಇಲ್ಲವೇ ಐಸಿನಲ್ಲಿಡಿ, ಎಂದು.

ನಮ್ಮ ಮನೆಯವರು ಬೂತಿನಿಂದ ಬಂದು ಚಪ್ಪಲಿ ಬಿಚ್ಚದೆ ಮೆಟ್ಟಿಲ ಮೇಲೆಯೇ ಕೂತರು. "ಹಟ್ಟಿಯಾಂವನ ಮನಿ ಬಾಡು ಒಂದ ಅವನ ಪರವಾಗಿ ಮಾತಾಡೋದಿತ್ತು. ಅದರ ಬಾಯಿ ನಾನ ಮುಚ್ಚಿಬಿಟ್ಟೆ" ಎಂದರು.

ಒಳಗಿನಿಂದ ಅತ್ತೆ ನನಗೆ ಹೇಳಿದರು. "ಚಾ ಕುಡೀತಾನೇನು ಕೇಳವಾ."

ಕರೆಂಟು ಹೋದಾಗಲೆಲ್ಲ ಫ್ರಿಜ್ಜಿನ ಬಾಗಿಲು ತೆಗೆಯದಂತೆ ನಾನು ಕಾಯುತ್ತಿದ್ದೆ. ಬೇಸಿಗೆಯಲ್ಲದಿದ್ದರೂ ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಸೋಡಾ ಅಂಗಡಿಯಿಂದ ಐಸು ತರಿಸಿ, ಗೋಣಿ ಚೀಲದಲ್ಲಿ ಸುತ್ತಿ, ಪೊಟ್ಟಣಗಳ ಸುತ್ತ ಒತ್ತಿ ಇಡುತ್ತಿದ್ದೆ. ಅರಗು ತಣ್ಣಗಾದರೆ ಬಿರಿಯುತ್ತದೆಯೋ ಏನೋ ಎಂದು ಹೆದರಿ ಮುದ್ರೆಗಳನ್ನು ನೋಡುತ್ತಿದ್ದೆ. ಬಿರಿದಿರಲಿಲ್ಲ. ಅದರಲ್ಲಿ ಒತ್ತಿದ ಅಕ್ಷರಗಳು ಹಾಗೇ ಇದ್ದವು. ಶಾಲೆಯಲ್ಲಿ ಸಿಸ್ಟರು ಕ್ರಿಸ್ಮಸ್ಸಿನ ಪಾರ್ಸೆಲ್ಲುಗಳಿಗೆ ಇದೇ ಅರಗು ಹಾಕುತ್ತಿದ್ದುದು ನೆನಪಾಗುತ್ತಿತ್ತು.

ಅಂಥದೇ ಒಂದು ಕರೆಂಟಿಲ್ಲದ ಬೆಳಿಗ್ಗೆ ಗೇಟಿನ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಕಂಡ ಮುಖ. ಸೀತಾಫಲದ ಕಾಲದಲ್ಲಿ ನಮ್ಮ ಓಣಿಗೆ ಹಣ್ಣು ತರುವವಳು. ಈ ಸಲ ತಲೆಯ ಮೇಲೆ ಬುಟ್ಟಿಯಿರಲಿಲ್ಲ. ಕಂಕುಳಲ್ಲಿ ಹಳೆಯ ಸೀರೆಯ ಗಂಟು, ಗಂಟಿನೊಳಗೆ ಏನೋ ಅಲುಗಾಡುತ್ತಿತ್ತು.

"ಡಾಕ್ಟ್ರು ಅದಾರೇನ್ರೀ ಅಮ್ಮಾರ?"

"ಹಳ್ಳಿಗೆ ಹೋಗಿದ್ದಾರೆ. ಏನಾಗಬೇಕಿತ್ತು?"

"ನನ್ನ ಗಂಡನ್ನ ಹಿಡಕೊಂಡು ಹೋಗ್ಯಾರ್ರೀ. ಡಾಕ್ಟ್ರು ಬಾಡು ನೋಡಿ ಹೇಳಿದ್ರ ಬಿಡ್ತಾರಂತ."

ಇವಳೇ ಅವಳು. ಒಳಗೆ ಬಾ ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಕೇಸಿನ ವಿಷಯ, ಒಳಗೆ ಫ್ರಿಜ್ಜಿನಲ್ಲಿ ಪೊಟ್ಟಣ. ಬಾಗಿಲು ಹೊರಗಿನಿಂದ ಎಳೆದುಕೊಂಡು ಕಟ್ಟೆಯ ಮೇಲೆ ನಾನೂ ಕೂತೆ. ಅಷ್ಟರಲ್ಲಿ ಗಂಟಿನಿಂದ ಸಣ್ಣ ದನಿ ಬಂತು.

"ಏನದು?"

"ಚಿಗರಿ ಮರಿರೀ. ಅದರವ್ವ ಹೋದ್ಲಲ್ಲ, ಮನ್ಯಾಗ ಕಟ್ಟಿ ಬಂದ್ರ ಒದರಿ ಒದರಿ ಗಂಟಲು ಹರಕೊಂತೈತಿ. ಹೊತ್ಕೊಂಡ ಬಂದೆ."

ನಾನು ಎದ್ದು ನಿಂತೆ. ಮೊದಲೇ ಗಂಡ ಜೈಲಿನಲ್ಲಿ, ಇವಳು ಜೀವಂತ ಚಿಗರಿ ಮರಿಯನ್ನೇ ಹೊತ್ತು ಸರ್ಕಾರಿ ಕ್ವಾರ್ಟರ್ಸಿಗೆ ಬಂದಿದ್ದಾಳೆ! "ಮುಚ್ಚವಾ, ಮೊದಲು ಮುಚ್ಚು ಅದನ್ನ!" ಎಂದೆ. ಅವಳಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. ನೆರಳು ಮಾಡಲು ಹೇಳಿದೆನೆಂದು ತಿಳಿದು, ಸೆರಗು ತೆಗೆದು ಗಂಟಿನ ಮೇಲೆ ಹಿಡಿಯಲು ಹೋದಳು. ಆಗ ಮರಿ ತಲೆ ಹೊರಗೆ ಹಾಕಿತು.

ಮೊದಲು ಕಂಡದ್ದು ಕಿವಿಗಳು. ಎರಡೂ ಕೆನ್ನೆಯ ಮೇಲೆ ಎಲೆಯ ಹಾಗೆ ಜೋತುಬಿದ್ದಿದ್ದವು. ಗಂಟು ಸಡಿಲಾಗಿ ಕಂದು ಮೈಯೂ ಬಿಳಿ ಹೊಟ್ಟೆಯೂ ಕಂಡವು. ಆದರೆ ಆ ಕಿವಿ ಕಾಡಿನ ಪ್ರಾಣಿಯ ಕಿವಿಯಲ್ಲ.

"ಇದು ಆಡಿನ ಮರಿ ಅಲ್ಲೇನು?"

"ಆಡಿನ ಮರಿನ ಅಲ್ಲೇನ್ರೀ ಮತ್ತ?"

"ಚಿಗರಿ ಅಂದೆಯಲ್ಲ?"

"ಚಿಗರಿ ಅಂದ್ರ ನಮ್ಮ ಆಡ್ರೀ. ಅದರ ಹೆಸರು. ಬೇಲಿಗೆ ಬೇಲಿ ಹಾರತಿತ್ತು, ಮೈಬಣ್ಣಾನೂ ಹಂಗ ಇತ್ತು, ಅದಕ್ಕ ನಮ್ಮ ಮಾವ ಚಿಗರಿ ಅಂತಿದ್ದ. ಕಲ್ಲಿನ ಕಣಿವ್ಯಾಗ ಬಿದ್ದು ಕಾಲು ಮುರಕೊಂತು. ಅದಕ್ಕ ಕೊಯ್ದ್ವಿ. ಅರ್ಧ ಢಾಬಾದಾಂವಗ ಕೊಟ್ಟ್ವಿ, ಅರ್ಧ ಮನಿಗಿಟ್ಕೊಂಡ್ವಿ."

"ಇದನ್ನ ಆ ಸಾಹೇಬರಿಗೆ ಹೇಳಲಿಲ್ಲೇನು?"

"ಹೇಳಿದೇರೀ. ಚಿಗರಿ ಅಂದ ಕೂಡ್ಲೆ ಬರಕೊಂಡಬಿಟ್ರು. ಆಮ್ಯಾಲೆ ಆಡು ಅಂದ್ರ, ಈಗ ಮಾತು ತಿರುಗಸ್ತೀಯೇನು ಅಂತಾರ. ಹಟ್ಟಿ ಮಂದಿ ಎಲ್ಲಾರು ಹೇಳಿದ್ರು. ನಿಮ್ಮ ಮಂದಿ ನಿಮ್ಮ ಪರವಾಗಿ ಹೇಳದ ಇನ್ನೇನು ಹೇಳತಾರ ಅಂದ್ರು."

ಬಾಗಿಲು ಕಿರ್ರೆಂದಿತು. ಅತ್ತೆ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿ ಹಾಲಿನ ಲೋಟ, ಒಂದು ಬತ್ತಿಯಷ್ಟು ಹಳೇ ಧೋತರದ ತುಂಡು. "ನಾನಂತೂ ಹಾಲು ಕುಡಿಯಾಕತ್ತಿಲ್ಲ, ಇದಾರ ಕುಡೀಲಿ" ಎಂದು ಕಟ್ಟೆಯ ಮೇಲೆ ಕೂತರು. ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಹಿಡಿದರು. ಅದು ಬಟ್ಟೆಯ ಜೊತೆ ಅವರ ಬೆರಳನ್ನೂ ಚೀಪಿತು. "ಏ, ಹಲ್ಲು ಬಂದಾವ ಇದಕ್ಕ!" ಎಂದರು. ಆ ಹೆಂಗಸು ಮೊದಲ ಸಲ ಸ್ವಲ್ಪ ನಕ್ಕಳು.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ತಟ್ಟೆಯಿಂದ ಕೈ ತೆಗೆದರು. ಮರುದಿನ ಅರಣ್ಯಾಧಿಕಾರಿಯನ್ನು ಮನೆಗೇ ಕರೆದರು. ಆತ ಕುರ್ಚಿಯ ತುದಿಯಲ್ಲಿ ಕೂತರು.

"ನಾನು ಸುಳ್ಳು ಬರೆದದ್ದಲ್ಲ ಡಾಕ್ಟ್ರೇ. ಅವಳ ಬಾಯಿಂದಲೇ ಬಂದದ್ದು. ಈ ಊರಿಗೆ ಬಂದು ನಾನು ಮೊದಲು ಕಲಿತ ಶಬ್ದ ಅದು. ಇಲ್ಲಿಯವರಿಗೆ ಕೃಷ್ಣಮೃಗ ಅಂದರೆ ಗೊತ್ತಾಗುವುದಿಲ್ಲ, ಚಿಗರಿ ಅಂತ ಕೇಳಬೇಕು ಅಂತ ಹೇಳಿಕೊಟ್ಟಿದ್ದರು. ಅಲ್ಲ ಮಾರಾಯ್ರೆ, ಆಡಿಗೆ ಯಾರಾದರೂ ಜಿಂಕೆ ಅಂತ ಹೆಸರಿಡುವುದು ಉಂಟಾ?"

ಅಡುಗೆಮನೆಯಿಂದಲೇ ಅತ್ತೆ ಕೇಳಿದರು. "ನಮ್ಮ ಹಡಗಲ್ಯಾಗ ನಮ್ಮ ಓಣ್ಯಾಗ ಒಬ್ಬಾಂವಗ ಹುಲಿ ಅಂತ ಕರೀತಾರ. ಅವನ್ನ ಯಾವ ಕಾಡಿಗೆ ಬಿಡ್ತೀರಿ ಸಾಹೇಬ್ರ?"

ಆತ ನಕ್ಕುಬಿಟ್ಟರು. ಆದರೆ ಬೇಗ ಗಂಭೀರವಾದರು. ನಗುವಿನಿಂದ ಕೇಸು ಬಿಡುವ ಹಾಗಿರಲಿಲ್ಲ. ಹೆಸರಿನ ಕತೆ ನಿಜವಿರಬಹುದು, ಸಿಕ್ಕಿಬಿದ್ದ ಮೇಲೆ ಕಟ್ಟಿದ್ದೂ ಇರಬಹುದು. ಢಾಬಾದಲ್ಲಿ ಚಿಗರಿ ಮಾಂಸದ ಮಾರಾಟ ನಡೆಯುತ್ತಿದ್ದುದಂತೂ ಸುಳ್ಳಲ್ಲ, ಚರ್ಮ ಕೊಂಬು ಸಿಕ್ಕ ಜಾಗಗಳನ್ನು ಅವರೇ ಕಂಡಿದ್ದರು. "ಯಾರ ಮಾತೂ ಬೇಡ. ಮಾಂಸವೇ ಹೇಳಲಿ" ಎಂದರು.

"ಹಟ್ಟಿ ಮನೀದು ಕೆಟ್ಟೈತಿ. ಆದ್ರ ಮರಿ ಐತಲ್ಲ" ಎಂದರು ನಮ್ಮ ಮನೆಯವರು.

ಅವರು ಬೂತಿಗೆ ಹೋಗಿ ಮತ್ತೆ ಹೈದರಾಬಾದಿಗೆ ಫೋನು ಮಾಡಿ ಬಂದಿದ್ದರು. ಜೀವದೊಳಗೆ ಒಂದು ಗುರುತು ತಾಯಿಯಿಂದ ಮಾತ್ರ ಬರುತ್ತದಂತೆ, ತಂದೆ ಯಾವನಾದರೂ ಅದು ಬದಲಾಗುವುದಿಲ್ಲವಂತೆ. ಢಾಬಾದ ಪೊಟ್ಟಣದ ಮಾಂಸದಲ್ಲಿ ಮರಿಯ ರಕ್ತದ ಗುರುತೇ ಇದ್ದರೆ, ಅವನು ಮಾರಿದ್ದು ಆ ಆಡನ್ನೇ ಎನ್ನಲು ಆಧಾರವಾಗುತ್ತದೆ. ಅಕ್ಕತಂಗಿ ಆಡುಗಳಿಗೂ ಅದೇ ಗುರುತು ಇರಬಹುದು, ಆದರೆ ಕಾಡಿನ ಚಿಗರಿಗೆ ಅದು ಇರಲು ಸಾಧ್ಯವೇ ಇಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ನನಗೆ ಹೇಳುತ್ತಿದ್ದರು. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ಅಂದ್ರ ಹೆಪ್ಪಿನಂಗ" ಎಂದರು. ಮಗನಿಗೇ ಹೇಳಿದರು, ನನಗಲ್ಲ.

"ಹೂಂಬೇ. ಹೆಪ್ಪಿನಂಗ."

"ಹಾಲು ಯಾವ ಎಮ್ಮೀದಾರ ಇರ್ಲಿ, ಹೆಪ್ಪು ಅವ್ವನ ಮನೀದು."

ಸಿಸ್ಟರು ಬಟಾಣಿ ಕಾಳು ಹರಡಿ ನಮಗೆ ವಂಶದ ಪಾಠ ಹೇಳಿದ್ದರು. ನಾನು ಬಾಯಿಪಾಠ ಮಾಡಿ ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಆ ಪಾಠ ರೊಟ್ಟಿಯ ಹೆಂಚಿನ ಮುಂದೆ ಹೀಗೆ ಮತ್ತೊಮ್ಮೆ ಸಿಗುತ್ತದೆಂದು ಅಂದುಕೊಂಡಿರಲಿಲ್ಲ.

ಮರಿಯ ರಕ್ತ ತೆಗೆದದ್ದು ನಮ್ಮ ವರಾಂಡದಲ್ಲಿ. ಅರಣ್ಯಾಧಿಕಾರಿ, ಪಂಚರಾಗಿ ಇಬ್ಬರು ಮೇಷ್ಟ್ರು, ಕಾಂಪೌಂಡಿನ ಹೊರಗೆ ಅಕ್ಕಪಕ್ಕದವರು. ಮರಿ ಹೊಸಬರ ಕೈಗೆ ನಿಲ್ಲಲಿಲ್ಲ. ಕೊನೆಗೆ ಅತ್ತೆಯೇ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯ ಹಿಂದೆ ಕೆರೆಯುತ್ತಾ ಕೂತರು. ಸೂಜಿ ಚುಚ್ಚಿದಾಗ ಮುಖ ತಿರುಗಿಸಿದರು. ಆ ಹೆಂಗಸು ಮಾತ್ರ ರೆಪ್ಪೆ ಬಡಿಯದೆ ಗಾಜಿನ ನಳಿಗೆ ತುಂಬುವುದನ್ನೇ ನೋಡುತ್ತಿದ್ದಳು. ಅದರಲ್ಲಿ ಅವಳ ಗಂಡ ಹೊರಗೆ ಬರುವ ದಾರಿ ಇತ್ತು.

ನಳಿಗೆಯನ್ನು ಎಲ್ಲಿಡುವುದು ಎಂದು ನಾನು ಫ್ರಿಜ್ಜಿನ ಮುಂದೆ ನಿಂತಿದ್ದಾಗ ಅತ್ತೆ ಹಿಂದಿನಿಂದ ಬಂದು, ತಮ್ಮ ಹೆಪ್ಪಿನ ಡಬ್ಬಿ ಇರುತ್ತಿದ್ದ ಜಾಗವನ್ನು ಸೆರಗಿನಿಂದ ಒರೆಸಿದರು. "ಇಲ್ಲಿಡು. ಇಲ್ಲಿ ತಂಪು ಛಲೋ ಇರ್ತೈತಿ."

ಎಲ್ಲವನ್ನೂ ಥರ್ಮಾಕೋಲಿನ ಪೆಟ್ಟಿಗೆಯಲ್ಲಿ ಜೋಡಿಸಿ, ಗಾರ್ಡೊಬ್ಬರ ಕೈಯಲ್ಲಿ ಕಳಿಸಿದ ಮೇಲೆ ಫ್ರಿಜ್ಜು ಖಾಲಿಯಾಯಿತು. ಅತ್ತೆ ಅರಿಸಿನದ ನೀರಿನಿಂದ ಒಳಗೆಲ್ಲ ತೊಳೆಸಿ ಹೆಪ್ಪಿನ ಡಬ್ಬಿಯನ್ನು ಮರಳಿ ಇಟ್ಟರು. ದೇವರ ಗೂಡಿನ ಕೆಳಗೆ ಅದು ಹುಳಿಯಾಗಿ ಹೋಗಿತ್ತು. ಆದರೂ ಒಂದು ಚಮಚ ಹಾಲಿಗೆ ಹಾಕಿ ನೋಡಿದರು. ಬೆಳಿಗ್ಗೆ ಮೊಸರು ಗಟ್ಟಿಯಾಗಿತ್ತು.

ವರದಿ ಬೇಗ ಬರಲಿಲ್ಲ. ಆ ಹೆಂಗಸು ಸಂತೆಯ ದಿನ ನಮ್ಮ ಕಡೆ ಬಂದು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಸುದ್ದಿ ಇಲ್ಲವೆಂದು ನನ್ನ ಮುಖದಲ್ಲೇ ತಿಳಿದುಕೊಳ್ಳುತ್ತಿದ್ದಳು, ಕೇಳುತ್ತಿರಲಿಲ್ಲ. ಒಮ್ಮೆ ಬಳ್ಳಾರಿಗೆ ಹೋಗಿ ಗಂಡನನ್ನು ನೋಡಿ ಬಂದಿದ್ದಳು. "ಸೊರಗ್ಯಾನ್ರೀ. ನಾ ಮಕ್ಕಳ ಸುದ್ದಿ ಹೇಳಾಕ ಹೋದ್ರ ಅವ ಮರಿ ಸುದ್ದಿ ಕೇಳ್ತಾನ. ಸಾಕ್ಷಿ ಐತಿ, ಕಟ್ಟಿ ಮೇಯ್ಸು, ಕಣಿವಿ ಕಡೆ ಬಿಡಬ್ಯಾಡ ಅಂದ."

ಆ ನಡುವೆ ನಾನು ಹರಪನಹಳ್ಳಿಗೆ, ತವರಿಗೆ ಹೋಗಿದ್ದೆ. ಕೊಟ್ಟೂರು ದಾಟಿದ ಮೇಲೆ ಕಿಟಕಿಯ ಬಳಿ ಕೂತ ಮುದುಕ "ಚಿಗರಿ, ಚಿಗರಿ" ಎಂದು ಕೈ ತೋರಿಸಿದ. ಸಜ್ಜೆ ಕೊಯ್ದ ಹೊಲದಲ್ಲಿ ಒಂದು ಹಿಂಡು. ಮುಂದೆ ಕಪ್ಪು ಗಂಡು, ತಿರುಚಿದ ಕೊಂಬು ಹಿಂದಕ್ಕೆ ಬಾಗಿಸಿ ನಿಂತಿತ್ತು. ಬಸ್ಸಿನ ಸದ್ದಿಗೆ ಒಂದೊಂದಾಗಿ ಹಾರಿದವು, ಕಾಲಿಗೆ ನೆಲ ಬಿಸಿಯಾದ ಹಾಗೆ. ಅಲ್ಲಿಯವರೆಗೂ ನನಗೆ ಜೈಲಿನಲ್ಲಿದ್ದವನೊಬ್ಬನದೇ ಚಿಂತೆಯಿತ್ತು. ಆಗ ನನ್ನ ಫ್ರಿಜ್ಜಿನಲ್ಲಿದ್ದ ಎರಡು ಪೊಟ್ಟಣ ನೆನಪಾದವು. ಅವುಗಳಲ್ಲಿ ಒಂದು ಈ ಹಿಂಡಿನದಿದ್ದರೆ? ಆಡು ಸತ್ತಾಗ ಒಬ್ಬಳಾದರೂ ಹೆಸರು ಹಿಡಿದು ಅತ್ತಿದ್ದಳು. ಇವುಗಳಲ್ಲಿ ಒಂದು ಇಲ್ಲವಾದರೆ ಇಲ್ಲವಾಯಿತೆಂದು ಹೇಳುವವರೇ ಇಲ್ಲ. ಮಾಂಸವೇ ಹೇಳಬೇಕು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅರಣ್ಯಾಧಿಕಾರಿಯ ಜೀಪು ಬಂತು. ಆತ ಒಳಗೆ ಬರಲಿಲ್ಲ, ಗೇಟಿನ ಮೇಲೆ ಕೈಯಿಟ್ಟು ನಿಂತೇ ಹೇಳಿದರು. ಒಂದು ಪೊಟ್ಟಣದ್ದು ಆಡು, ಮರಿಯ ತಾಯಿಯ ಗುರುತೇ ಅದರಲ್ಲಿದೆ. ಇನ್ನೊಂದು ಪೊಟ್ಟಣದ್ದು ಕೃಷ್ಣಮೃಗ, ಅನುಮಾನವಿಲ್ಲ.

"ಎರಡೂ ಒಂದೇ ಪ್ರಾಣಿಯದು ಅಂತ ಬರೆದುಕೊಟ್ಟವ ಢಾಬಾದವ. ಈಗ ಒಂದೇ ಪ್ರಾಣಿ ಎರಡು ಜಾತಿ ಹೇಗಾಯಿತು ಅಂತ ಅವನೇ ಹೇಳಬೇಕು" ಎಂದರು. ಗೇಟಿನಿಂದ ಕೈ ತೆಗೆದು, "ಆ ಹೆಂಗಸಿಗೆ ನಾನೇ ಹೋಗಿ ಹೇಳುತ್ತೇನೆ ಅಕ್ಕ. ಹಟ್ಟಿಗೆ ಹೋಗುವ ದಾರಿಯಲ್ಲೇ ಇಲ್ಲಿ ನಿಂತದ್ದು" ಎಂದರು.

ಅಡುಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು. "ಹೋಗ್ರಿ, ಚಾ ಆಮ್ಯಾಲೆ ಕುಡೀರಂತ. ಮೊದಲು ಹೋಗ್ರಿ."

ಢಾಬಾದವನು ಆಮೇಲೆ ಬಾಯಿಬಿಟ್ಟನಂತೆ. ರಾತ್ರಿ ಮೋಟರ್‌ಸೈಕಲ್ಲಿನ ದೀಪಕ್ಕೆ ಕಣ್ಣು ಕುಕ್ಕಿದ ಚಿಗರಿಗಳನ್ನು ಹೊಡೆದು, ಆಡಿನ ಮಾಂಸದ ಜೊತೆ ಸೇರಿಸಿ ದೂರದ ಊರುಗಳಿಗೆ ಸಾಗಿಸುವವರು ಬೇರೆಯೇ ಇದ್ದರು. ಅವರ ಕೇಸು ಎಳೆಯಿತು. ಅದು ಮುಗಿಯುವ ಮೊದಲೇ ಆ ಅಧಿಕಾರಿಗೆ ವರ್ಗವಾಯಿತು, ನಮಗೂ ಆಯಿತು.

ಆದರೆ ಹಟ್ಟಿಯವನು ಹೊರಗೆ ಬಂದ. ಗಂಡ ಹೆಂಡತಿ ಇಬ್ಬರೂ ಒಂದು ದಿನ ನಮ್ಮ ಮನೆಗೆ ಬಂದರು. ಅವನು ಮಾತಿನವನಲ್ಲ. ಟವಲ್ಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಮರಿ ಈಗ ಮರಿಯಾಗಿರಲಿಲ್ಲ. ಕೊಂಬು ಮೂಡಿತ್ತು, ಮೈ ಮಿರುಗುತ್ತಿತ್ತು, ಕತ್ತಿಗೆ ಹೊಸ ಹಗ್ಗ. ಅತ್ತೆ ಅದರ ಬಾಯಿಗೆ ಬೆರಳು ಹಿಡಿದು ನೋಡಿದರು. "ಇದರ ಹೆಸರೇನಿಟ್ಟೀರಿ?"

ಅವನು ಹೆಂಡತಿಯ ಮುಖ ನೋಡಿದ. ಅವನೇ ಮೆಲ್ಲಗೆ ಹೇಳಿದ.

"ಆಡು ಅಂತ ಇಟ್ಟೇವ್ರೀ."

ನಮ್ಮ ಮನೆಯವರು ಬಿದ್ದುಬಿದ್ದು ನಕ್ಕರು. ಅತ್ತೆ ಸೆರಗು ಬಾಯಿಗೆ ಹಿಡಿದರು. ನಾನು ಅವರಿಗೆ ಮಜ್ಜಿಗೆ ಕೊಡಲೆಂದು ಒಳಗೆ ಹೋಗಿ ಎರಡು ಲೋಟ ತುಂಬಿಸಿ ತರುವಷ್ಟರಲ್ಲಿ ಹಗ್ಗ ಅವನ ಕೈಯಿಂದ ಜಾರಿತ್ತು. ಆಡು ನನ್ನ ಗುಲಾಬಿ ಗಿಡದ ಪಾತಿ ದಾಟಿ, ತಂತಿ ಬೇಲಿಯನ್ನು ಒಂದೇ ನೆಗೆತಕ್ಕೆ ಹಾರಿ ರಸ್ತೆಗೆ ಇಳಿಯಿತು. ಹೆಂಗಸು ಎದ್ದು ಓಡಿದಳು.

"ಏ ಚಿಗರೀ! ನಿಂದ್ರ, ಚಿಗರೀ!"

ಕೂಗಿದವಳು ಅಲ್ಲೇ ನಿಂತು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾವೆಲ್ಲರೂ ಒಟ್ಟಿಗೆ ರಸ್ತೆಯ ಎರಡೂ ಕಡೆ ನೋಡಿದೆವು. ಯಾವ ಜೀಪೂ ಬರುತ್ತಿರಲಿಲ್ಲ.